ಎರೆಭೂತ ಹುಡುಕಲು ಹೋದ ಸೂರ್ಯಕಾಂತ

ಆ ಹಕ್ಕಿಗೆ ಹೆಬ್ಬಕ ಎಂಬ ಮರ್ಯಾದಸ್ಥ ಹೆಸರೊಂದು ಇತ್ತು. ಆ ಭಾನುವಾರ ಬೆಳಿಗ್ಗೆ ಕೊಳಕೂರದಲ್ಲಿ ಬಸ್ಸಿಳಿದ ಸೂರ್ಯಕಾಂತ ಆ ಹೆಸರನ್ನೇ ಹೇಳಿದ್ದರೆ ಮಧ್ಯಾಹ್ನದ ಹೊತ್ತಿಗೆ ಜೇವರ್ಗಿಯ ತನ್ನ ಮನೆ ಸೇರಿ, ಉಂಡು, ಅಡ್ಡಾಗಿರುತ್ತಿದ್ದ. ಆದರೆ ಕಲಬುರಗಿಯ ಪಕ್ಷಿ ಬಳಗದ ಹಿರಿಯರು ಅವನಿಗೆ ಬುದ್ಧಿ ಹೇಳಿ ಕಳಿಸಿದ್ದರು: “ಹಳ್ಳಿ ಮಂದಿ ಮುಂದ ಪುಸ್ತಕದಾಗಿನ ಹೆಸರು ಹೇಳಬ್ಯಾಡ್ರಿ. ಜನರ ಬಾಯಾಗಿನ ಹೆಸರು ಹೇಳ್ರಿ, ಅವರೇ ಕೈಹಿಡದು ಕರಕೊಂಡು ಹೋಗಿ ತೋರಿಸ್ತಾರ.”

ಜನರ ಬಾಯಲ್ಲಿ ಅದರ ಹೆಸರು ಎರೆಭೂತ. ಕಪ್ಪು ಮಣ್ಣಿನ ಎರೆ ಹೊಲದ ಬಯಲಿನಲ್ಲಿ ಕಂಡಂತೆ ಮಾಡಿ ಮಾಯವಾಗುವ ಆ ದೊಡ್ಡ ಹಕ್ಕಿಗೆ ಯಾವ ಕಾಲದಲ್ಲೋ ಯಾರೋ ಇಟ್ಟ ಹೆಸರು. ಇಟ್ಟವರು ಕೊಳಕೂರದವರಂತೂ ಅಲ್ಲ.

ಸೂರ್ಯಕಾಂತ ಜೇವರ್ಗಿಯ ಕಾಲೇಜೊಂದರಲ್ಲಿ ಲ್ಯಾಬ್ ಸಹಾಯಕ. ಬಳಗ ಸೇರಿ ಮೂರು ವರ್ಷವಾಗಿತ್ತು; ಹೆಸರು ತರುವಂಥ ಒಂದು ಹಕ್ಕಿಯೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಹೋದ ವರ್ಷ ಅಪರೂಪದ ಗೂಬೆ ಎಂದು ಅವನು ಕಳಿಸಿದ ಫೋಟೊ, ಕೊನೆಗೆ ಜೋಳದ ಹೊಲದ ಬೆದರುಬೊಂಬೆಗೆ ಬೋರಲು ಹಾಕಿದ ಗಡಿಗೆ ಎಂದು ಸಾಬೀತಾಗಿತ್ತು. ಅಂದಿನಿಂದ ಬಳಗದವರು ಅವನನ್ನು ಕಂಡಾಗಲೆಲ್ಲ “ಗಡಿಗಿ ಹೆಂಗದರಿ?” ಎಂದು ಕೇಳುತ್ತಿದ್ದರು. ಕೊಳಕೂರದ ಕಡೆ ಎರೆಭೂತ ಕಂಡಿದೆಯೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹಸಿರು ಅಂಗಿ ತೊಟ್ಟು, ಕೊರಳಿಗೆ ದುರ್ಬೀನು ನೇತುಹಾಕಿಕೊಂಡು, ಮೊದಲ ಬಸ್ಸು ಹತ್ತಿಬಿಟ್ಟ. ಒಂದೇ ಒಂದು ಫೋಟೊ ಸಿಕ್ಕರೆ ಸಾಕು, ಗಡಿಗೆಯ ಮಾತು ಅಲ್ಲಿಗೆ ಒಡೆದುಹೋಗುತ್ತಿತ್ತು.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ ಮುದುಕ ದೇವೀಂದ್ರಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಯಾವ ಊರ್ರಿ? ಯಾರ ಮನಿಗಿ ಹೊಂಟೀರಿ?”

“ಜೇವರ್ಗಿಯವ್ನ್ರಿ ಯಜಮಾನ್ರ. ಯಾರ ಮನಿಗೂ ಅಲ್ಲ. ಎರಿಭೂತ ಹುಡಕಾಕ ಬಂದೀನಿ.”

ದೇವೀಂದ್ರಪ್ಪನ ಕೈಯಲ್ಲಿದ್ದ ಬೀಡಿ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು.

“ಹಗಲೊತ್ತಿನ್ಯಾಗ?”

“ಮುಂಜಾನಿನೇ ಚಲೋ ಕಾಣ್ತದ್ರಿ. ಬಿಸಿಲೇರಿದ ಮ್ಯಾಲ ಎಲ್ಲರೆ ಅಡಗಿ ಕೂಡ್ತದ.”

“ಭಾಳ ದೊಡ್ಡದಿರ್ತದೇನ್ರಿ?”

“ಗಜಕ್ಕಿಂತ ಎತ್ತರ. ಕುತ್ತಿಗಿ ಬೆಳ್ಳಗ, ನೆತ್ತಿ ಮ್ಯಾಲ ಕರೀ ಟೋಪಿಗಿ ಇಟ್ಟಂಗ. ಗಂಡು ಇತ್ತಂದ್ರ ಹೆಣ್ಣಿನ ಮುಂದ ಕುಣಿತದ. ಗಂಟಲಾ ಉಬ್ಬಿಸಿ ‘ಹೂಂ’ ಅಂತು ಅಂದ್ರ ಒಂದು ಹರದಾರಿ ತನಕ ಕೇಳ್ತದ.”

“ಯಪ್ಪಾ!” ದೇವೀಂದ್ರಪ್ಪ ಕಾಲು ಮೇಲೆತ್ತಿಕೊಂಡ. “ಮಂದಿಗಿ ಏನರೆ ಮಾಡ್ತದೇನ್ರಿ?”

“ಛೆ ಛೆ! ಮಂದೀನ್ನ ಕಂಡ್ರ ಅದಕ್ಕೇ ಅಂಜಿಕಿ. ನಾವ ಅದನ್ನ ಉಳಿಸಬೇಕು. ಇಡೀ ದೇಶದಾಗ ನೂರಾ ಚಿಲ್ಲರ ಅಷ್ಟೇ ಉಳದಾವ.”

“ಅವನ್ನೂ ಸರಕಾರದವ್ರು ಗಣತಿ ಮಾಡ್ಯಾರ?” ಎಂದು ದೇವೀಂದ್ರಪ್ಪ ಬೆರಗಾದ. ಸೂರ್ಯಕಾಂತ ಹೆಮ್ಮೆಯಿಂದ ಹೌದೆಂದು ತಲೆಯಾಡಿಸಿ ಹೊಲದ ದಾರಿ ಹಿಡಿದ. ಅವನು ನೂರು ಹೆಜ್ಜೆ ಹೋಗುವುದರೊಳಗೆ ಸುದ್ದಿ ಊರಿನ ಮೂರು ಓಣಿ ದಾಟಿತ್ತು.

ತೊಗರಿ ಹೊಲದ ಬದುವಿನ ಮೇಲೆ ಕೂತು ದುರ್ಬೀನು ಕಣ್ಣಿಗೆ ಹಚ್ಚಿದ್ದನಷ್ಟೆ, ಬೆನ್ನ ಹಿಂದೆ ಬಳೆಗಳ ಸದ್ದಾಯಿತು. ಸೆರಗು ಬಿಗಿದುಕೊಂಡ ಮಾಳಮ್ಮ ಏದುಸಿರು ಬಿಡುತ್ತ ನಿಂತಿದ್ದಳು.

“ಇಲ್ಲಿ ಯಾಕ ಹುಡುಕ್ತಿ ಯಪ್ಪಾ? ಅದು ನಮ್ಮ ಮನ್ಯಾಗ ಅದ!”

“ಮನ್ಯಾಗ?” ಸೂರ್ಯಕಾಂತ ಹಾರಿ ಎದ್ದ. “ಹೆಂಗ್ ಬಂತ್ರಿ? ಗಾಯ ಗೀಯ ಆಗ್ಯಾದೇನು?”

“ಅದಕ್ಕೇನಾಗ್ಯಾದ, ಆಗಿದ್ದೆಲ್ಲಾ ನಮಗ! ತಿಂಗಳಾತು ಬಂದು ಸೇರಿ.”

“ತಿನ್ನಾಕ ಏನ್ ಹಾಕ್ತೀರಿ?”

“ಏನ್ ಮಾಡಿದ್ರೂ ಒಲ್ಲೆ ಅಂತದ. ಬರೇ ಚುರಮುರಿ, ಮಿರ್ಚಿ ಭಜಿ.”

ಎರೆಭೂತ ಮಿಡತೆ, ಓತಿಕ್ಯಾತ ತಿನ್ನುತ್ತದೆಂದು ಪುಸ್ತಕದಲ್ಲಿತ್ತು. ಮಿರ್ಚಿ ಭಜಿ ತಿನ್ನುವುದನ್ನು ಪ್ರಪಂಚದಲ್ಲಿ ಮೊದಲು ಕಂಡುಹಿಡಿದವನು ನಾನೇ ಎಂದುಕೊಂಡು ಸೂರ್ಯಕಾಂತ ಮಾಳಮ್ಮನ ಹಿಂದೆ, ಬಂಡಿಗೆ ಕಟ್ಟಿದ ಕರುವಿನಂತೆ ಓಡಿದ.

ಮಾಳಮ್ಮ ಒಳಮನೆಯ ಬಾಗಿಲು ತಳ್ಳಿ ತೋರಿಸಿದಳು. ಹೊರಸಿನ ಮೇಲೆ ಕೂದಲು ಬಿಚ್ಚಿಕೊಂಡು ಕೂತಿದ್ದವಳು ಅವಳ ಸೊಸೆ ಪಲ್ಲವಿ.

“ನೋಡು. ಒಬ್ಬಾಕಿನೇ ನಗತಾಳ, ಒಬ್ಬಾಕಿನೇ ಮಾತಾಡ್ತಾಳ. ತೊಗರಿ ರಾಶಿ ಕೆಲಸಕ್ಕ ಬಾ ಅಂದ್ರ ಮೈಮ್ಯಾಲ ಬರ್ತದ.”

ಸೂರ್ಯಕಾಂತನಿಗೆ ಆಗ ಎಲ್ಲವೂ ಹೊಳೆಯಿತು. “ಅವ್ವಾರ, ನಾ ಹೇಳಿದ್ದು ಹಕ್ಕಿ! ಎರಿಭೂತ ಅಂದ್ರ ಹಕ್ಕಿ!” ಎಂದು ಚೀಲದಿಂದ ಪುಸ್ತಕ ತೆಗೆದು ಚಿತ್ರ ತೋರಿಸಿದ. ಅಷ್ಟರಲ್ಲಿ ಪಡಸಾಲೆಯ ತುಂಬ ಜನ ಸೇರಿದ್ದರು. ಪುಸ್ತಕ ಕೈಯಿಂದ ಕೈಗೆ ಹೋಯಿತು.

“ಹಕ್ಕಿ ನೋಡಾಕ ಯಾರರೆ ಬಸ್ ಹತ್ತಿ ಬರ್ತಾರೇನು?” ಮಾಳಮ್ಮ ನಕ್ಕಳು. “ದೊಡ್ಡ ವಿದ್ಯಾ ಇದ್ದವ್ರು ಹಿಂಗ, ಒಮ್ಮಿಗೇ ಒಪ್ಪಂಗಿಲ್ಲ.”

ಮಂದಿಯ ನಡುವೆ ಇದ್ದ ದೇವೀಂದ್ರಪ್ಪ ಮಾತ್ರ ಚಿತ್ರವನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ, ಹೂಂ ಎಂದ.

ಮಾಳಮ್ಮ ನಿಂಬೆಹಣ್ಣು ತರಲು ಒಳಹೋದಾಗ ಪಲ್ಲವಿ ಪಿಸುಗುಟ್ಟಿದಳು. “ಅಣ್ಣಾರ, ಕೈ ಮುಗಿತೀನಿ, ಇಲ್ಲ ಅನಬ್ಯಾಡ್ರಿ. ತೊಗರಿ ರಾಶಿ ಮುಗಿಯೋ ತನಕ ಇರ್ತದ ಅಂತ ಹೇಳ್ರಿ. ಆಮ್ಯಾಲ ಅದರ ಪಾಡಿಗಿ ಅದು ಹೋಗ್ತದ.” ದಿಂಬಿನ ಕೆಳಗೆ ಮೊಬೈಲಿನ ಬೆಳಕು ಮಿಣುಕುತ್ತಿತ್ತು.

ಅತ್ತೆಗೆ ನಿಜ ಹೇಳಿದರೆ ಸೊಸೆಯ ಶಾಪ. ಸೊಸೆಯ ಮಾತು ಕೇಳಿದರೆ ಅತ್ತೆಯಿಂದ ಬಿಡುಗಡೆಯಿಲ್ಲ. ಸೂರ್ಯಕಾಂತ ಬೆವರೊರೆಸಿಕೊಂಡು, ಸುಳ್ಳೂ ಅಲ್ಲದ, ಯಾರಿಗೂ ನೋವೂ ಆಗದ ಮಾತೊಂದನ್ನು ಹುಡುಕಿದ.

“ಎರಿಭೂತ ಮನ್ಯಾಗ ಇರಂಗಿಲ್ರಿ. ಅದು ಬಯಲಾಗ ಇರ್ತದ. ಹೊಲದಾಗ.”

ಪಡಸಾಲೆಯಲ್ಲಿ ಗುಸುಗುಸು ಎದ್ದಿತು. ದೇವೀಂದ್ರಪ್ಪ ಥಟ್ಟನೆ ಎದ್ದು, ನಾಲ್ಕು ಜನ ಗಂಡಸರನ್ನು ಕರೆದುಕೊಂಡು ಹೊರನಡೆದ. ಮಂದಿ ಕರಗಿತೆಂದು ಸೂರ್ಯಕಾಂತನಿಗೆ ಸಮಾಧಾನವಾಯಿತು.

ತಾನೂ ಜಾರಿಕೊಳ್ಳಬೇಕೆಂದು ಬಾಗಿಲಿಗೆ ಬಂದರೆ ಅಲ್ಲಿ ಜಗದೇವಪ್ಪ ಅಡ್ಡ ನಿಂತಿದ್ದ. ಅವನದೊಂದು ಹೊಸ ಮನೆ ಎರಡು ವರ್ಷದಿಂದ ಬಾಡಿಗೆಗೆ ಹೋಗದೆ ಬೀಗ ಹಾಕಿಕೊಂಡು ಬಿದ್ದಿತ್ತು. ಅದರಲ್ಲಿ ದೆವ್ವವಿದೆಯೆಂದು ಊರೆಲ್ಲ ಹಬ್ಬಿತ್ತು.

“ಜರಾ ನಮ್ಮ ಮನೀನೂ ನೋಡ್ರಿ ಸಾಹೇಬ್ರ. ಇಲ್ಲ ಅಂತ ಒಂದು ಚೀಟಿ ಬರಕೊಟ್ರ ನಿಮ್ಮ ಹೆಸರ ಮ್ಯಾಲ ದೀಪಾ ಹಚ್ತೀನಿ.”

ವಾದ ಮಾಡುವುದಕ್ಕಿಂತ ಬರೆದುಕೊಡುವುದೇ ಲೇಸು ಎನ್ನಿಸಿತು. ಸೂರ್ಯಕಾಂತ ಆ ಮನೆಯ ಎರಡು ಕೋಣೆಗಳನ್ನೂ ದುರ್ಬೀನಿನಿಂದ ನೋಡಿದ. ಹಕ್ಕಿ ಲೆಕ್ಕದ ಪುಸ್ತಕದಿಂದ ಹಾಳೆ ಹರಿದು, ‘ಸ್ಥಳ: ಜಗದೇವಪ್ಪನವರ ಮನೆ. ಎರೆಭೂತ: ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಜಗದೇವಪ್ಪ ಆ ಚೀಟಿಯನ್ನು ಕಣ್ಣಿಗೊತ್ತಿಕೊಂಡು, ಕೆಳಗೆ ಠಸ್ಸೆ ಯಾಕಿಲ್ಲ ಎಂದು ಕೇಳಿದ.

ಅಷ್ಟಾದರೂ ಬಿಟ್ಟರೆ? ಮಾಳಮ್ಮ ಊಟ ಮಾಡದೆ ಹೋಗಗೊಡಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ಒಂದು ರೊಟ್ಟಿ ಮುಗಿಯುವುದರೊಳಗೆ ಇನ್ನೊಂದು ಬೀಳುತ್ತಿತ್ತು. ಸೊಸೆಯೂ ಬಾಗಿಲ ಸಂದಿಯಿಂದ “ಇನ್ನೊಂದು ಹಾಕ್ರಿ ಅತ್ತಿ, ಪಾಪ” ಎಂದು ಪ್ರೀತಿಯಿಂದ ಕೂಗಿದಳು. ಐದನೆಯ ರೊಟ್ಟಿಯ ಹೊತ್ತಿಗೆ ದೂರದ ಹೊಲಗಳ ಕಡೆಯಿಂದ ಹಲಗೆಯ ಸದ್ದು ಕೇಳಿಬಂತು.

“ಯಾರದರೆ ಮದುವಿ ಅದೇನ್ರಿ?” ಎಂದು ಕೇಳಿದ.

“ಇದ್ದರೂ ಇರಬೇಕು. ನೀ ಉಣ್ಣು ಯಪ್ಪಾ.”

ಹೊಟ್ಟೆ ಹೊತ್ತುಕೊಂಡು ಅವನು ಹೊರಬೀಳುವಾಗ ಹೊತ್ತು ಇಳಿಯುತ್ತಿತ್ತು. ಇನ್ನೊಂದು ತಾಸು ಬೆಳಕಿದೆ, ಸಂಜೆ ಹಕ್ಕಿ ಮೇಯಲು ಹೊರಬರುತ್ತದೆ ಎಂದು ಧೈರ್ಯ ತಂದುಕೊಂಡು ಹೊಲದತ್ತ ಹೆಜ್ಜೆ ಹಾಕಿದ. ಎದುರಿಗೆ ದೇವೀಂದ್ರಪ್ಪನ ದಂಡು ಬರುತ್ತಿತ್ತು. ಹತ್ತು ಹದಿನೈದು ಜನ, ಮೈಯೆಲ್ಲ ಧೂಳು, ಮುಂದೆ ಎರಡು ಹಲಗೆ, ಹಿಂದೆ ಡಬ್ಬಿ, ತಾಟು.

“ಸಾಹೇಬ್ರ!” ದೇವೀಂದ್ರಪ್ಪ ಎರಡೂ ಕೈ ಎತ್ತಿ ಕೂಗಿದ. “ನಿಮ್ಮ ಕೆಲಸ ನಾವ ಮುಗಿಸೀವಿ!”

“ಯಾವ ಕೆಲಸರಿ?”

“ನೀವ್ ಹೊಲದಾಗ ಅದ ಅಂದ್ರಿ. ನಾಕೂ ಕಡಿಂದ ಸುತ್ತಗಟ್ಟಿ ಬಡದಿವಿ ನೋಡ್ರಿ ಹಲಗಿ! ಹುಲ್ಲಿನ ಬಯಲಾಗಿಂದ ಎದ್ದು ಹೊರಗ ಬಂತು. ಏನ್ ಗತ್ತು, ಏನ್ ನಡಿಗಿ! ನಮ್ಮಿಂದ ಹತ್ತು ಮಾರು ದೂರ ನಿಂತು ತಿರುಗಿ ನೋಡ್ತು.”

ಸೂರ್ಯಕಾಂತ ಅವನ ತೋಳು ಹಿಡಿದುಕೊಂಡ. “ಹೆಂಗ್... ಹೆಂಗಿತ್ರಿ?”

“ಕಳ್ಳಂದು, ಥೇಟ್ ಹಕ್ಕಿ ವೇಷ ಹಾಕಿತ್ರಿ! ನಿಮ್ಮ ಪುಸ್ತಕದಾಗಿನ ಚಿತ್ರ ನೋಡಿದ್ದಿಲ್ಲಂದ್ರ ನಾವೂ ಹಕ್ಕಿನೇ ಅಂತ ಮೋಸ ಹೋಗ್ತಿದ್ದಿವಿ. ಬಿಡ್ಲಿಲ್ಲ. ಬಡದು ಬಡದು ಹೊಳಿ ದಾಟಿಸಿ ಅಫಜಲಪುರದ ಕಡಿ ಓಡಿಸೀವಿ. ಇನ್ನ ಈ ಜನ್ಮದಾಗ ಅದು ಕೊಳಕೂರಕ್ಕ ಬರಂಗಿಲ್ಲ!”

ಸೂರ್ಯಕಾಂತ ಬದುವಿನ ಮೇಲೆ ಕುಸಿದು ಕೂತ. ಯಾರೋ ಅವನ ಹೆಗಲಿಗೆ ಟಾವೆಲ್ ಹೊದಿಸಿದರು. ಯಾರೋ ಕೈಗೆ ತೆಂಗಿನಕಾಯಿ ಕೊಟ್ಟರು. ಭೂತ ಕೈತಪ್ಪಿದ ಸಂಕಟಕ್ಕೆ ಸಾಹೇಬರಿಗೆ ಕಣ್ಣೀರು ಬಂತೆಂದು, ಹಲಗೆಯ ಸದ್ದಿಗೆ ಓಡಿಬಂದಿದ್ದ ಹೆಂಗಸರು ಮರುಗಿದರು.

“ಅಳಬ್ಯಾಡ್ರಿ ಸಾಹೇಬ್ರ,” ದೇವೀಂದ್ರಪ್ಪ ಪಕ್ಕದಲ್ಲಿ ಕೂತು ಬೆನ್ನು ಸವರಿದ. “ದೇಶದಾಗ ಇನ್ನೂ ನೂರು ಅದಾವ ಅಂದಿದ್ರಿ ಹೌದಿಲ್ಲೊ? ಯಡ್ರಾಮಿ ಕಡಿ ನಮ್ಮ ಬೀಗರ ಹೊಲದಾಗ ಇಂಥಾವ ಎರಡು ಅಡ್ಡಾಡ್ತಾವಂತ. ಜೋಡಿ!”

“ಜೋಡಿ?” ಸೂರ್ಯಕಾಂತ ಜೀವ ಬಂದವನಂತೆ ಎದ್ದ. “ಖರೇನಾ? ಈಗಲೂ ಅದಾವೇನ್ರಿ?”

“ಅದಾವ, ಅದಾವ. ಈಗ ಫೋನ್ ಹಚ್ಚಿದ್ದೆ.”

“ನಿಮ್ಮ ಬೀಗರಿಗೆ ಇನ್ನೊಮ್ಮಿ ಹಚ್ರಿ! ಯಾರೂ ಹೊಲಕ್ಕ ಹೋಗಬ್ಯಾಡ್ರಿ ಅಂತ ಹೇಳ್ತೀನಿ. ನಾ ಹೀಂಗ ಬಸ್ ಹಿಡದು ಬಂದೆ!”

ದೇವೀಂದ್ರಪ್ಪ ಫೋನು ಹಚ್ಚಿ ಅವನ ಕೈಗೆ ಕೊಟ್ಟ. ಆ ಕಡೆಯವರು ಎತ್ತಿದರು. ಸೂರ್ಯಕಾಂತ “ಹಲೋ, ಹಲೋ” ಎಂದು ಗಂಟಲು ಹರಿಯುವಂತೆ ಒದರಿದ. ಆದರೆ ಆ ಕಡೆಯಿಂದ ಮಾತೊಂದೂ ಬರಲಿಲ್ಲ. ಕಿವಿ ಗಡಚಿಕ್ಕುವ ಹಲಗೆಯ ಸದ್ದಿನ ನಡುವೆ ಯಾರೋ “ಹೊಡೀಲೇ, ಜೋರ್ ಹೊಡೀ, ರೆಕ್ಕಿ ಬಿಚ್ಚಾಕತ್ಯಾವ!” ಎಂದು ಕೂಗುವುದಷ್ಟೇ ಕೇಳಿಸಿತು.