ಅರಮನೆ ನಾಯಿಯ ಕ್ಷೌರ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನನ್ನ ಚಹಾದಲ್ಲಿ ಸಕ್ಕರೆ ಕರಗದಿರಲಿ. ಪುಣೆಯ ಬಿಬವೇವಾಡಿಯಲ್ಲಿ, ನಮ್ಮ ಸೊಸೈಟಿಯಲ್ಲೇ ನಡೆದದ್ದು. ಅರ್ಧ ನಾನು ಬಾಲ್ಕನಿಯಿಂದ ಕಂಡದ್ದು, ಉಳಿದರ್ಧ ಕಂಡವರಿಂದ ಬಾಯಿಬಿಡಿಸಿದ್ದು.

ಈರಣ್ಣನ ಬಾಡಿಗೆ ಮನೆಯ ಕರಾರು ಹನ್ನೊಂದು ತಿಂಗಳದ್ದು. ಅದು ಆ ಬುಧವಾರ ಮುಗಿಯುತ್ತಿತ್ತು. ಮಾರ್ಕೆಟ್ ಯಾರ್ಡಿನ ಆಫೀಸಿಗೆ ನಡೆದುಹೋಗುವಷ್ಟು ಹತ್ತಿರ, ಎರಡು ಹೊತ್ತು ನೀರು, ಮಗಳ ಶಾಲೆ ಎದುರಿಗೇ. ಇಂಥ ಮನೆ ಬಿಟ್ಟರೆ ಇನ್ನೊಂದು ಸಿಗುವಷ್ಟರಲ್ಲಿ ಮಗಳಿಗೆ ಮದುವೆಯ ವಯಸ್ಸಾಗುತ್ತದೆಂದು ಅವನ ಲೆಕ್ಕ. ಮನೆಯೊಡತಿ ಕುಸುಮಬಾಯಿ ಎದುರಿನ ಫ್ಲ್ಯಾಟಿನಲ್ಲೇ ಇದ್ದರು. ಧಾರವಾಡದಿಂದ ಬಂದು ನಲವತ್ತು ವರ್ಷವಾದ ಹಿರಿಯರು. ಆ ಬುಧವಾರಕ್ಕೆ ಮುಂಚಿನ ಭಾನುವಾರ ಬೆಳಿಗ್ಗೆ ರಾಂಜಣಗಾಂವದ ಗಣಪತಿಗೆ ಹೊರಟವರು ತಮ್ಮ ಪುಟ್ಟ ನಾಯಿಯನ್ನು ಅವನ ಕೈಗಿಟ್ಟರು.

"ಈರಣ್ಣಾ, ನಮ್ಮ ಮಿಂಗಿ ಶಿಟ್ಜೂ ಜಾತೀದು. ಚೀನಾದ ಅರಮನ್ಯಾಗ ರಾಣ್ಯಾರ ತೊಡಿ ಮ್ಯಾಲ ಬೆಳದ ವಂಶ. ಎರಡ್ ತಾಸಿಗೊಮ್ಮೆ ಬಾಚ್ರಿ. ಕಣ್ಣಿನ ಮೂಲಿ ಹಸಿ ಹತ್ತಿಲೆ ಒರಸ್ರಿ. ಗಿಡ್ಡ ಮೂಗು, ಉಸರಾಟಕ್ಕ ತ್ರಾಸು, ಬಿಸಲಾಗ ಒಯ್ಯಬ್ಯಾಡ್ರಿ. ಸಂಜೀಕ ಬಂದು ಹೊಸಾ ಕರಾರಿಗೆ ಸಹಿ ಮಾಡ್ತೀನಿ."

"ಬಾಯಾರ, ನೀವು ಚಿಂತಿ ಬಿಡ್ರಿ. ನಮ್ಮ ಕೂಸಿನಂಗ ನೋಡ್ಕೋತೀವಿ," ಎಂದ ಈರಣ್ಣ.

ತಪ್ಪಾದದ್ದೇ ಅಲ್ಲಿ. ಹೆಂಡತಿ ಪಾರವ್ವ ಆ ಮಾತನ್ನು ನಿಜವಾಗಿ ಹಿಡಿದಳು.

ಮಿಂಗಿಯ ಸ್ವಭಾವ ಸಾಧು. ಮನುಷ್ಯರೆಂದರೆ ಸಾಕು, ಬಾಲ ಅಲ್ಲಾಡಿಸುವುದು. ಕಳ್ಳ ಬಂದರೂ ಕಪಾಟು ತೋರಿಸುವ ಜಾತಿ. ಮೈತುಂಬ ಕೂದಲು; ಮುಂದೆ ಯಾವುದು, ಹಿಂದೆ ಯಾವುದು ಎನ್ನುವುದು ನಡೆಯತೊಡಗಿದ ಮೇಲಷ್ಟೇ ತಿಳಿಯುತ್ತಿತ್ತು. ಈರಣ್ಣ ಹಾಲು ತರಲು ಹೋದಾಗ ಪಾರವ್ವ ಆ ಕೂದಲನ್ನು ಮುಟ್ಟಿ ನೋಡಿದಳು.

"ಅಯ್ಯ ನನ್ ಕಂದಾ, ಒಂದ್ ಹನಿ ಎಣ್ಣಿ ಕಂಡಿಲ್ಲಲ್ಲ ಈ ತಲಿ!"

ಭಾನುವಾರ ಬೇರೆ. ಆ ಮನೆಯಲ್ಲಿ ಭಾನುವಾರ ಎಣ್ಣೆ ಹಚ್ಚಿಸಿಕೊಳ್ಳದೆ ಯಾವ ಕೂಸೂ ಉಳಿದಿರಲಿಲ್ಲ. ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಮಿಂಗಿಯ ಮೈಗಿಳಿಯಿತು. ಸುಖಕ್ಕೆ ಉರುಳಾಡಬೇಕೆನಿಸಿದ ಮಿಂಗಿ ನೇರ ಅಡುಗೆಮನೆಗೆ ಓಡಿ, ರೊಟ್ಟಿಗೆಂದು ಪರಾತದಲ್ಲಿ ಜರಡಿ ಹಿಡಿದಿಟ್ಟ ಜೋಳದ ಹಿಟ್ಟಿನಲ್ಲಿ ಉರುಳಿತು.

ಹಾಲು ತಂದ ಈರಣ್ಣ ಬಾಗಿಲಲ್ಲೇ ನಿಂತ. "ಸಂಜಿ ಒಳಗ ಇದನ್ನ ಮೊದಲಿನಂಗ ಮಾಡಲಿಲ್ಲಂದ್ರ ನನ್ ಹೆಸರು ಈರಣ್ಣ ಅಲ್ಲ!" ಎಂದು ಬಚ್ಚಲಿಗೆ ಎತ್ತಿಕೊಂಡು ಹೋಗಿ ಬೆಚ್ಚನೆಯ ನೀರು ಸುರಿದ.

"ಏನ್ ಮಾಡಿದ್ರಿ! ಜ್ವಾಳದ ಹಿಟ್ಟಿಗೆ ಬಿಸಿನೀರು ಬಿದ್ರ ಜಿಗಿ ಬರ್ತದರೀ!" ಎಂದು ಪಾರವ್ವ ಕೂಗುವಷ್ಟರಲ್ಲಿ ಹಿಟ್ಟು ಹದಕ್ಕೆ ಬಂದಿತ್ತು. ನಾಲ್ಕು ಕಾಲಿದ್ದದ್ದೊಂದು ಬಿಟ್ಟರೆ, ತಟ್ಟಿ ಹಂಚಿಗೆ ಹಾಕುವಂತಿತ್ತು.

ಸದ್ದು ಕೇಳಿ ಪಕ್ಕದ ಮನೆಯ ಸುಂದರ ಬಂದ. "ಫ್ಯಾನ್ ಹಚ್ರಿ, ಒಣಗಿದ ಮ್ಯಾಲ ತಾನ ಉದರ್ತದ," ಎಂದ. ಫ್ಯಾನ್ ಹಾಕಿದರು. ಒಣಗಿತು. ಉದುರಲಿಲ್ಲ. ಎರಡು ಬಾಚಣಿಗೆ ಮುರಿದವು. ಮಿಂಗಿ ನಡೆದರೆ ಒಣ ತೆಂಗಿನಚಿಪ್ಪು ಉರುಳಿದ ಸದ್ದು.

ಮೇಲಿನ ಮಹಡಿಯ ಸಿಂಧೂರ ಮೈಸೂರಿನವಳು, ಐಟಿ ಹುಡುಗಿ. ಫೋನು ನೋಡುತ್ತಲೇ ಒಳಗೆ ಬಂದಳು. "ಅಂಕಲ್, ಈ ಬ್ರೀಡ್‌ಗೆ ಡಬಲ್ ಕೋಟ್ ಇರತ್ತಂತೆ. ಇಷ್ಟು ಗಂಟಾದ್ರೆ ಪೂರ್ತಿ ತೆಗೆಯೋದೊಂದೇ ದಾರಿ ಅಂತಿದೆ."

"ತಗದ್ರ ಬಾಯಾರು ಮನಿ ಬಿಡಿಸ್ತಾರವಾ."

"ಬಿಟ್ರೆ ಚರ್ಮಕ್ಕೆ ಇನ್ಫೆಕ್ಷನ್ ಆಗತ್ತೆ ಅಂಕಲ್. ಆಗಲೂ ಬಿಡಿಸ್ತಾರೆ."

ಈರಣ್ಣ ಎದೆ ಗಟ್ಟಿ ಮಾಡಿಕೊಂಡ. ನೀಟಾಗಿ ಕತ್ತರಿಸಿದರೆ ಬೇಸಿಗೆ ಕಟಿಂಗ್ ಎಂದು ನಂಬಿಸಬಹುದು. ಭಾನುವಾರ ನಾಯಿ ಪಾರ್ಲರುಗಳೆಲ್ಲ ಭರ್ತಿ. ಮಿಂಗಿಯನ್ನು ಚಾದರದಲ್ಲಿ ಸುತ್ತಿಕೊಂಡು, ಮೂಲೆಯಲ್ಲಿ ಸಲೂನ್ ಇಟ್ಟಿದ್ದ ಜಮಖಂಡಿಯ ಮಾಂತುವಿನ ಕಡೆಗೆ ನಡೆದ.

ಮಾಂತು ಚಾದರ ಸರಿಸಿ ನೋಡಿ, "ಕಾಕಾ, ಕಟಿಂಗ್ ಅಷ್ಟನೋ, ದಾಡೀನೂ?" ಎಂದ.

"ಹಲ್ಕಟ್ ಮಾತು ಬ್ಯಾಡ. ಮಷೀನ್ ಹಚ್ಚು."

ಮಾಂತು ಬೆನ್ನಿನಿಂದ ಶುರು ಮಾಡಿದ. ಕೂದಲು ಬಿದ್ದಂತೆಲ್ಲ ಕಂದು ಮೈ, ಬಿಳಿ ಮಚ್ಚೆ, ಕಡ್ಡಿಯಂಥ ಉದ್ದ ಕಾಲು ಹೊರಬಂದವು. ಮುಖಕ್ಕೆ ಬಂದಾಗ ಮಾಂತುವಿನ ಕೈ ನಿಧಾನವಾಯಿತು. ಬೋಳಿಸಿದಷ್ಟೂ ಮೂತಿ ಉದ್ದವಾಗುತ್ತಿತ್ತು. ಬೋಳಿಸಿದ, ಇನ್ನೂ ಇತ್ತು. ಮತ್ತೆ ಬೋಳಿಸಿದ, ಅದರಾಚೆಗೆ ಮೂಗು ಸಿಕ್ಕಿತು.

"ಕಾಕಾ, ಚೀನಾದ ಅರಮನಿ ಮುಂದ ವಡಾಪಾವ್ ಗಾಡಿ ಇದ್ದೂ ಏನ್ರಿ?"

"ಯಾಕೋ?"

"ನಮ್ಮ ಚೌಕದಾಗ ಗಾಡಿ ಕೆಳಗ ಮಲಗ್ತದಲ್ಲ ಕೆಂದನ ನಾಯಿ, ಇದು ಅದರ ಖಾಸ್ ತಂಗಿ ಇದ್ದಂಗ ಅದ."

ಸಂಜೆ ಕುಸುಮಬಾಯಿಯ ಕಾರು ಬಂದಾಗ ಗೇಟಿನಲ್ಲಿ ಅರ್ಧ ಸೊಸೈಟಿ ನೆರೆದಿತ್ತು. ಸೆಕ್ರೆಟರಿ ಸೊಂಟದ ಮೇಲೆ ಕೈಯಿಟ್ಟು, "ಕೋಣಾಚಾ ಕುತ್ರಾ ಹಾ?" ಎಂದು, ಈ ನಾಯಿ ಯಾರದೆಂದು, ಎಲ್ಲರನ್ನೂ ಮರಾಠಿಯಲ್ಲಿ ಗದರಿಸುತ್ತಿದ್ದ. ಮಿಂಗಿ ಕುಣಿಯುತ್ತ ಹೋಗಿ ಕುಸುಮಬಾಯಿಯ ಚಪ್ಪಲಿ ನೆಕ್ಕಿತು.

ಕುಸುಮಬಾಯಿ ಅದನ್ನು ನೋಡಿದರು. ನೆರೆದವರನ್ನು ನೋಡಿದರು. ಕಾಲು ಹಿಂದಕ್ಕೆಳೆದುಕೊಂಡರು.

"ಯಾವುದೋ ಬೀದಿ ನಾಯಿ. ನನಗೇನ್ ಗೊತ್ತು?"

"ಬಾಯಾರ, ಇದು ನಿಮ್ಮ..." ಎಂದ ಈರಣ್ಣನ ತೋಳು ಹಿಡಿದು ಅವರು ಲಿಫ್ಟಿನ ಹತ್ತಿರ ಎಳೆದೊಯ್ದರು. ಮಿಂಗಿಯೂ ಹಿಂದೆ ಬಂತು.

"ಬಾಯಿ ಮುಚ್ಚು! ಮೊದಲನೇ ಜಳಕಾ ಮಾಡ್ಸಿದ ದಿನಾನ ನನಗ ಗೊತ್ತಾಗೇದ ಇದರ ಅರಮನಿ ಎಂಥಾದಂತ. ಮೂರ್ ವರ್ಷದಿಂದ ಎರಡ್ ತಾಸಿಗೊಮ್ಮೆ ಬಾಚಿ ಬಾಚಿ ಮುಚ್ಚಿಟ್ಟಿದ್ದೆ. ಒಂದ ದಿನದಾಗ ಬಿಚ್ಚಿಟ್ಟಿ!"

"ತಪ್ಪಾತ್ರೀ ಬಾಯಾರ."

"ಇರ್ಲಿ. ಕೇಳಿದವರಿಗೆ ಮಿಂಗಿನ್ನ ಬೆಳಗಾವಿಗೆ ತಂಗಿ ಮನಿಗೆ ಕಳಸೇನಂತ ಹೇಳ್ತೀನಿ. ಕೂದಲಾ ಬರೂತನಕ ಇದು ನಿನ್ನ ನಾಯಿ. ಉಸರಿದಿ ಅಂದ್ರ ನೋಡು."

ಈರಣ್ಣನಿಗೆ ಜೀವ ಬಂದಂತಾಯಿತು. ಇಷ್ಟಕ್ಕೇ ಮುಗಿದರೆ ಅವನು ಆನೆಯನ್ನಾದರೂ ಸಾಕುತ್ತಿದ್ದ. ಜೇಬಿನಿಂದ ಕರಾರಿನ ಕಾಗದ ತೆಗೆದು, ಪೆನ್ನು ಮುಂದೆ ಹಿಡಿದ.

"ಅದೆಂಗ ಆಗ್ತದ?" ಎಂದರು ಕುಸುಮಬಾಯಿ. "ನಾಯಿ ಸಾಕಿದ ಬಾಡಿಗಿದಾರರಿಗೆ ಮನಿ ಕೊಡಬಾರದಂತ ಸೊಸೈಟಿ ನಿಯಮ ಅದ. ಇಡೀ ಗೇಟು ಈಗ ನಿನ್ನ ನಾಯಿ ನೋಡೇದ. ನಿಯಮ ಮಾಡಿದಾಕಿನ ನಾನು, ನಾನ ಮುರದ್ರ ಹೆಂಗ?"

"ಬಾಯಾರ, ಹಂಗಾರ ಬುಧವಾರದಿಂದ ನಾವು ಮೂರ್ ಮಂದಿ, ಈ ನಿಮ್ಮ ಮಿಂಗಿ, ಎಲ್ಲಾರೂ ಕೂಡಿ ಎಲ್ಲಿಗೆ ಹೋಗ..."

ಕುಸುಮಬಾಯಿ ಆಗಲೇ ಲಿಫ್ಟಿನೊಳಗೆ ಹೋಗಿ ಬಾಗಿಲು ಎಳೆದುಕೊಂಡಿದ್ದರು.