ಮಂಡಕ್ಕಿ ಡಬ್ಬಿಯೂ ಹತ್ತನೇ ನಂಬರಿನ ಚಪ್ಪಲಿಯೂ

ಮನೆಗೆ ಬೀಗ ಹಾಕಿ ಹಿಂತಿರುಗಿ ನೋಡದೆ ನಡೆದುಬಿಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಬೀಗ ಹಾಕುತ್ತೇನೆ, ಜಗ್ಗುತ್ತೇನೆ, ಓಣಿಯ ತಿರುವಿನವರೆಗೆ ಹೋಗಿ ಮತ್ತೆ ಬಂದು ಜಗ್ಗುತ್ತೇನೆ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನಿಂದ ಆಟೊ ಮಾಡಿಕೊಂಡು ವಾಪಸು ಬಂದು ಜಗ್ಗಿದ್ದೂ ಉಂಟು. ಹೀಗೆ ಜಗ್ಗಿ ಜಗ್ಗಿ ಒಮ್ಮೆ ಚಿಲಕದ ಸ್ಕ್ರೂಗಳೇ ಸಡಿಲವಾಗಿ ಕೈಗೆ ಬಂದವು. "ಕಳ್ಳರಿಗೆ ಅರ್ಧ ಕೆಲಸ ನೀವೇ ಮಾಡಿಕೊಡ್ತೀರಿ ನೋಡ್ರಿ" ಎಂದಳು ನನ್ನ ಹೆಂಡತಿ. ಹಗರಿಬೊಮ್ಮನಹಳ್ಳಿಯ ನನ್ನ ಷಡ್ಡಕ ಕ್ಯಾಮೆರಾ ಹಾಕಿಸಿಕೊಳ್ಳಲು ಹೇಳಿದ. ಅವನು ಹಾಕಿಸಿದ್ದಾನೆ, ಈಗ ಊಟಕ್ಕೆ ಕೂತಾಗಲೂ ಮೊಬೈಲಿನಲ್ಲಿ ತನ್ನ ಗೇಟನ್ನು ತಾನೇ ನೋಡುತ್ತಿರುತ್ತಾನೆ. ಅದರಲ್ಲಿ ಇದುವರೆಗೆ ಸಿಕ್ಕಿಬಿದ್ದಿರುವುದು ಒಂದು ಎಮ್ಮೆ ಮಾತ್ರ.

ಆದ್ದರಿಂದ ಹರಪನಹಳ್ಳಿಯಲ್ಲಿ ನಡೆಯಲಿದ್ದ ನೆಂಟರ ಮದುವೆಗೆ ಹೊರಡುವಾಗ ನಾನು ನನ್ನ ತಲೆಯನ್ನೇ ಉಪಯೋಗಿಸಿದೆ. ಬೀಗ ಕಂಡರೆ ತಾನೇ ಕಳ್ಳನಿಗೆ ಮನೆ ಖಾಲಿ ಎಂದು ಗೊತ್ತಾಗುವುದು? ಮುಂಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದೆ. ನಡುಮನೆಯಲ್ಲಿ ದೀಪ ಉರಿಯಿತು, ರೇಡಿಯೊದಲ್ಲಿ ಒಬ್ಬರು ಗಟ್ಟಿ ದನಿಯಲ್ಲಿ ಶೇಂಗಾ ಬೆಳೆಯ ಬಗ್ಗೆ ಮಾತಾಡತೊಡಗಿದರು. ಹೊಸ್ತಿಲ ಹೊರಗೆ ಒಂದು ಜೊತೆ ಹೊಸ ಚಪ್ಪಲಿ ಬಿಟ್ಟೆ. ನನ್ನದು ಏಳನೇ ನಂಬರು. ಕಳ್ಳನು ಒಳಗೆ ಒಬ್ಬ ಆಜಾನುಬಾಹು ಇದ್ದಾನೆಂದು ಭಾವಿಸಲಿ ಎಂದು ಹತ್ತನೇ ನಂಬರು ಕೊಂಡಿದ್ದೆ. ಆಮೇಲೆ ಹಿತ್ತಲ ಬಾಗಿಲಿಗೆ ಬೀಗ ಹಾಕಿ, ಜಗ್ಗಿ, ಹಿಂದಿನ ಸಂದಿಯಿಂದ ಇಬ್ಬರೂ ಹೊರಬಿದ್ದೆವು. ಓಣಿಯಲ್ಲಿ ಯಾರಿಗೂ ಹೇಳಲಿಲ್ಲ. ಕಳ್ಳನ ಕಿವಿ ಎಲ್ಲಿರುತ್ತದೋ ಯಾರು ಬಲ್ಲರು?

ಇನ್ನು ಮುಖ್ಯವಾದ ವಿಷಯ, ಹೆಂಡತಿಯ ಬೋರಮಾಳ, ಅಂದರೆ ಚಿನ್ನದ ಗುಂಡುಗಳ ಸರ. ಅವಳ ತಾಯಿ ಕೊನೆಗಾಲದಲ್ಲಿ ತನ್ನ ಕೊರಳಿನಿಂದ ತೆಗೆದು ಇವಳಿಗೆ ಹಾಕಿದ್ದು. ಮದುವೆಗೆ ಹಾಕಿಕೊಳ್ಳುತ್ತೇನೆಂದು ಅವಳು ಹಟ ಹಿಡಿದಳು. ಬಸ್ಸಿನ ನೂಕುನುಗ್ಗಲಿನಲ್ಲಿ ಕಿತ್ತುಕೊಂಡಾರು ಎಂದು ಹೆದರಿಸಿ, ಇಸಿದುಕೊಂಡು, ಅವಳಿಗೂ ತಿಳಿಯದಂತೆ ಮಂಡಕ್ಕಿ ಡಬ್ಬಿಯ ತಳದಲ್ಲಿ ಇಟ್ಟೆ. ಅಕ್ಕಿಯಲ್ಲಿ, ಜೋಳದಲ್ಲಿ ಎಲ್ಲರೂ ಇಡುತ್ತಾರೆ; ಕಳ್ಳ ಮೊದಲು ಕೈ ಹಾಕುವುದೇ ಅಲ್ಲಿ. ಮಂಡಕ್ಕಿ ಡಬ್ಬಿಯನ್ನಾದರೆ ಎತ್ತಿ ನೋಡಿ, ಖಾಲಿ ಎಂದುಕೊಂಡು ಇಟ್ಟುಬಿಡುತ್ತಾನೆ. ಈ ಯೋಚನೆ ಹೊಳೆದಾಗ ನನ್ನ ಬೆನ್ನು ನಾನೇ ತಟ್ಟಿಕೊಳ್ಳಲು ಕೈ ಎಟುಕಲಿಲ್ಲ, ಅಷ್ಟೆ.

ಮದುವೆಯಲ್ಲಿ ಬ್ಯಾಂಡಿನ ಗದ್ದಲ. ಅಕ್ಷತೆ ಹಾಕಿ, ಉಂಡು, ಎಲೆ ಅಡಿಕೆ ಜಗಿಯುತ್ತ ಜೇಬಿನಿಂದ ಮೊಬೈಲು ತೆಗೆದರೆ ಪರದೆಯ ತುಂಬ ಪಕ್ಕದ ಮನೆಯ ವೀರಣ್ಣನ ಕರೆಗಳು. ಎಲೆ ಅಡಿಕೆ ಉಗಿದು ನಾನೇ ಮಾಡಿದೆ.

"ಲೇ, ಜೀವಂತ ಅದೀಯೇನೋ!" ಎಂದು ಆತ ಕೂಗಿದ.

ನಡೆದದ್ದು ಇಷ್ಟು. ವೀರಣ್ಣನ ಹೆಂಡತಿ ಗೌರಮ್ಮ ಹೆಪ್ಪಿಗೆಂದು ಒಂದು ಚಮಚ ಮೊಸರು ಕೇಳಲು ಬಂದಿದ್ದಾಳೆ. ಬೀಗ ಇಲ್ಲ, ಚಪ್ಪಲಿ ಇದೆ, ಒಳಗೆ ಗಂಡಸಿನ ದನಿ ಕೇಳುತ್ತದೆ, ಬಾಗಿಲು ಮಾತ್ರ ತೆಗೆಯರು. ಮೊದಲು ಅವಳಿಗೆ ಸಿಟ್ಟು ಬಂತಂತೆ, ಒಂದು ಚಮಚ ಮೊಸರಿಗೆ ಈ ಪರಿ ಮುಖ ತಪ್ಪಿಸುವುದೇ ಎಂದು. ಇನ್ನೊಮ್ಮೆ ಬಂದಾಗಲೂ ಹಾಗೇ ಇದ್ದದ್ದರಿಂದ ಭಯವಾಯಿತು. ಗಂಡ ಹೆಂಡತಿ ಇಬ್ಬರೂ ಒಳಗೆ ಏನಾಗಿ ಬಿದ್ದಿದ್ದಾರೋ! ಓಣಿ ಕೂಡಿತು. ವೀರಣ್ಣ ಹಾರೆ ತಂದ.

"ಬಾಗಲಾ ಮುರದೀವಪ್ಪ. ನೀ ಇಲ್ಲ, ಶೇಂಗಾದ ಮಾತು ನಡದೈತಿ! ಇರ್ಲಿ, ಆರಾಮ ಅದೀಯಲ್ಲ, ಅಷ್ಟ ಸಾಕು. ಬಾಗಲಿಲ್ಲದ ಮನಿ ಬಿಟ್ಟು ಹೋಗಬಾರದಂತ ಎಲ್ಲಾರೂ ಇಲ್ಲೇ ಕುಂತೀವಿ. ನಮ್ಮಾಕಿ ಮಂಡಕ್ಕಿ ಒಗ್ಗರಣಿ ಹಾಕಾಕತ್ಯಾಳ."

"ಮಂಡಕ್ಕಿ ಬ್ಯಾಡ್ರಿ ಅಣ್ಣಾರ!" ಎಂದು ಚೀರಿದೆ.

"ಯಾಕಲೇ?"

ಹೇಗೆ ಹೇಳಲಿ? ಸ್ಪೀಕರಿನಲ್ಲಿ ಹಾಕಿದ್ದ; ಹಿಂದೆ ಇಡೀ ಓಣಿಯ ಗುಜುಗುಜು ಕೇಳುತ್ತಿತ್ತು. "ಹಳೇವು ಅದಾವ್ರಿ, ಮೆತ್ತಗಾಗ್ಯಾವ" ಎಂದೆ.

"ಹೆಂಗೂ ನೀರಾಗ ನೆನಸೋವಲ್ಲೇನು?" ಎಂದು ಅಡಿಗೆಮನೆಯಿಂದ ಗೌರಮ್ಮನ ದನಿ ಬಂತು.

"ಬಾಗಲಾ ಮುರದು ನನ್ನ ರಟ್ಟಿ ಹೋಗ್ಯಾವ. ಒಂದು ತಟ್ಟಿ ಮಂಡಕ್ಕಿಗೆ ಹಿಂದ ಮುಂದ ನೋಡ್ತೀಯಲ್ಲೋ ಜಿಪುಣಾ" ಎಂದು ವೀರಣ್ಣ ಫೋನು ಇಟ್ಟೇಬಿಟ್ಟ.

ಕೊಟ್ಟೂರಿನ ಬಸ್ಸಿನಲ್ಲಿ ಕೂತ ಮೇಲೆ ಹೆಂಡತಿಗೆ ನಿಜ ಹೇಳದೆ ವಿಧಿಯಿರಲಿಲ್ಲ. ಕಿವಿಯಲ್ಲಿ ಪಿಸುಗುಟ್ಟಿದೆ. ಅವಳು ಪಿಸುಗುಟ್ಟಲಿಲ್ಲ.

"ನಮ್ಮವ್ವನ ಬೋರಮಾಳ ಮಂಡಕ್ಕಿ ಡಬ್ಬಿಯಾಗ ಇಟ್ಟೀರಿ?"

ಅಲ್ಲಿಯವರೆಗೆ ಹೆಂಡತಿಯಿಂದಲೂ ಮುಚ್ಚಿಟ್ಟ ಗುಟ್ಟು ಇಡೀ ಬಸ್ಸಿಗೆ ಗೊತ್ತಾಯಿತು. "ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ಜೋರು ಹೋಗೋಣು" ಎಂದ ಕಂಡಕ್ಟರ್. ಹಾಗೆಂದವನೇ ದಾರಿಯಲ್ಲಿ ಕೈ ಮಾಡಿದವರಿಗೆಲ್ಲ ಸೀಟಿ ಊದಿ ನಿಲ್ಲಿಸಿದ. ಹೆಂಡತಿ ಬರಿಯ ಕೊರಳನ್ನು ಮುಟ್ಟಿಕೊಳ್ಳುತ್ತ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮನೆಗೆ ಬಂದರೆ ಬಾಗಿಲು ಗೋಡೆಗೆ ಒರಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ನಡುಮನೆಯ ತುಂಬ ಜನ, ಎಲ್ಲರ ಕೈಯಲ್ಲೂ ತಟ್ಟೆ. "ಬರ್ರಿ ಬರ್ರಿ" ಎಂದು ನಮ್ಮ ಮನೆಗೆ ನಮ್ಮನ್ನೇ ಕರೆದರು. ನಾನು ನೇರ ಅಡಿಗೆಮನೆಗೆ ನುಗ್ಗಿದೆ. ಡಬ್ಬಿಯನ್ನು ಚೊಕ್ಕವಾಗಿ ತೊಳೆದು ಬೋರಲು ಹಾಕಿದ್ದರು. ಆದರೂ ಎತ್ತಿ ಒಳಗೆ ಕೈ ಹಾಕಿ ನೋಡಿದೆ. ಪಕ್ಕದಲ್ಲಿ ಗೌರಮ್ಮ, ಅಂಥ ಸೆಕೆಯಲ್ಲೂ ಸೆರಗನ್ನು ಕೊರಳ ಸುತ್ತ ಬಿಗಿಯಾಗಿ ಹೊದ್ದು ನಿಂತಿದ್ದಳು. ಇವಳೇಕೆ ಹೀಗೆ ಮುಚ್ಚಿಕೊಂಡಿದ್ದಾಳೆ ಎಂದು ನನ್ನ ಹಾಳು ಮನಸ್ಸು ಏನೇನನ್ನೋ ಲೆಕ್ಕ ಹಾಕತೊಡಗಿತು.

ಗೌರಮ್ಮ ನನ್ನ ಹೆಂಡತಿಯನ್ನು ಹತ್ತಿರ ಕರೆದು ಸೆರಗು ಸರಿಸಿದಳು. ಸರ ಅವಳ ಕೊರಳಲ್ಲಿತ್ತು.

"ಮರದಾಗ ಹಾಕಿ ಕೇರಿ ಹಸನ ಮಾಡುವಾಗ ಸಿಕ್ತವ್ವ. ಮನಿಗೆ ಬಾಗಲಿಲ್ಲ, ಒಳಗ ಇಷ್ಟು ಮಂದಿ. ಎಲ್ಲಿ ಇಡ್ಲಿ? ಹಾಕ್ಕೊಂಡು ಸೆರಗು ಮುಚ್ಚಿಕೊಂಡೆ. ಕೊಳ್ಳಾಗಿದ್ದದ್ದು ಎಲ್ಲಿ ಹೊಕ್ಕೈತಿ?"

ಹೆಂಡತಿ ಸರ ತೆಗೆದುಕೊಂಡು ಹಾಕಿಕೊಂಡಳು. ಗೌರಮ್ಮನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ನನ್ನ ಕಡೆ ಒಂದು ನೋಟ ಬೀರಿದಳು. ಸರವನ್ನು ಕೊರಳಲ್ಲಿ ಇಡಬಹುದೆಂಬ ಉಪಾಯ ಹೆಂಗಸರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂಬ ಅರ್ಥ ಅದರಲ್ಲಿತ್ತು. ನನಗೂ ಯಾರೋ ತಟ್ಟೆ ಕೊಟ್ಟರು. ಅಂಥ ರುಚಿಯಾದ ಮಂಡಕ್ಕಿ ನಾನು ತಿಂದದ್ದೇ ಇಲ್ಲ.

ಬಡಿಗ ಮರುದಿನ ಬರುವುದಾಗಿ ಹೇಳಿದ. ಬಾಗಿಲೇ ಇಲ್ಲದ ಮನೆಯಲ್ಲಿ ಜಗ್ಗುವುದಕ್ಕೆ ಏನೂ ಇರಲಿಲ್ಲವಾಗಿ ಮಲಗಿದವನಿಗೆ ಬೆಳಗಾದಾಗಲೇ ಎಚ್ಚರ. ಎದ್ದು ಹೊಸ್ತಿಲಿಗೆ ಬಂದು ನೋಡುತ್ತೇನೆ, ಚಪ್ಪಲಿ ಇಲ್ಲ! ಮನೆ ಕಾಯಲು ಬಿಟ್ಟಿದ್ದ ಹತ್ತನೇ ನಂಬರನ್ನು, ನನ್ನ ಪ್ರಾಣ ಉಳಿಸಲು ಬಂದ ಯಾರೋ ಮೆಟ್ಟಿಕೊಂಡು ಹೋಗಿದ್ದರು. ಸುಳ್ಳೇಕೆ ಹೇಳಲಿ, ಒಳಗೊಳಗೇ ಸಮಾಧಾನವಾಯಿತು. ಇಷ್ಟು ವರ್ಷ ಪಟ್ಟ ಭಯ ಪೂರಾ ದಂಡವಾಗಲಿಲ್ಲವಲ್ಲ! ಈಗ ಬೀಗ ಜಗ್ಗುವ ಚಟ ಬಿಟ್ಟಿದ್ದೇನೆ. ಊರಿಗೆ ಹೋಗುವಾಗ ಓಣಿಗೆಲ್ಲ ಕೂಗಿ ಹೇಳಿ ಹೋಗುತ್ತೇನೆ. ಆದರೆ ಸಂತೆಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಮುಖ ನೋಡುವ ಮೊದಲು ಕಾಲು ನೋಡುತ್ತೇನೆ. ಎಷ್ಟು ವಿನಯವಂತ ಎಂದು ಜನ ಮೆಚ್ಚಿಕೊಳ್ಳುತ್ತಿದ್ದಾರೆ.