ನಾಯಿಯ ಕಥೆ, ನನ್ನ ಬಾಯಿ

ಇನ್ನೊಬ್ಬರ ತಪ್ಪು ಹುಡುಕುವಾಗ ನನಗಿರುವ ಉತ್ಸಾಹ ನನ್ನದನ್ನು ಹುಡುಕುವಾಗ ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಆಫೀಸಿನಲ್ಲಿ ಪ್ರತಿ ಪ್ರಾಜೆಕ್ಟ್ ಮುಗಿದಾಗಲೂ ಎಲ್ಲಿ ಎಡವಿದೆವು ಎಂದು ಮೀಟಿಂಗ್ ಕರೆದು ಹುಡುಗರ ತಲೆ ತಿನ್ನುವವನು ನಾನೇ. ಹಾಗಾಗಿ ಅಮೆರಿಕದ ಹೂಸ್ಟನ್ ಪಕ್ಕದ ಸೈಪ್ರೆಸ್‌ನ ಭಾನುವಾರದ ಕನ್ನಡ ತರಗತಿಗೆ ಹೊಸ ಮೇಷ್ಟ್ರಾಗಿ ಸೇರಿದಾಗ, ಅಲ್ಲಿ ಬಹಳ ವರ್ಷಗಳಿಂದ ಕಲಿಸುತ್ತಿರುವ ಧಾರವಾಡದ ನಿವೃತ್ತ ಡಾಕ್ಟರ್ ಸರೋಜಾ ಆಂಟಿಯ ಮಾತು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. “ಕ್ಲಾಸ್ ಮುಗಿದ ಮ್ಯಾಲ ಲಗೂನ ಗಾಡಿ ಸ್ಟಾರ್ಟ್ ಮಾಡಬ್ಯಾಡ್ರಿ. ಹತ್ತು ನಿಮಿಷ ಸುಮ್ನ ಕೂಡ್ರಿ. ಇವತ್ತ ನಾ ಏನ್ ಮಾಡಿದೆ ಅಂತ ವಿಚಾರ ಮಾಡ್ರಿ,” ಅಂದಿದ್ದರು. ಹೂಸ್ಟನ್ ಬಿಸಿಲಿನಲ್ಲಿ ಎಸಿ ಇಲ್ಲದೆ ಕೂತರೆ ವಿಚಾರದ ಜೊತೆ ನಾನೂ ಬೇಯುತ್ತೇನೆಂದು ಹೊರಟುಬಿಡುತ್ತಿದ್ದೆ.

ತಿಂಗಳೊಳಗೆ ಅನ್ವಿ ಎಂಬ ಪುಟ್ಟ ಹುಡುಗಿಯ ತಾಯಿ ಫೋನ್ ಮಾಡಿದರು. “ಕನ್ನಡ ಕ್ಲಾಸಿಗೆ ಇನ್ಮೇಲೆ ಬರಲ್ವಂತೆ ಸರ್, ಒಂದೇ ಹಟ. ಏನಾಯ್ತು?” ನನಗೆ ಸಿಟ್ಟು ಬಂತು. ಮಕ್ಕಳು ಬಾಯೇ ಬಿಡದಿದ್ದರೆ ನಾನೇನು ಮಾಡಲಿ? ಪುಣ್ಯಕ್ಕೆ ಹಿಂದಿನ ವಾರದ ಪಾಠವನ್ನು, ಪೋಷಕರ ಗ್ರೂಪಿನಲ್ಲಿ ಹಾಕಿ ಮೆರೆಯೋಣವೆಂದು ರೆಕಾರ್ಡ್ ಮಾಡಿಕೊಂಡಿದ್ದೆ. ನನ್ನ ಪರವಾಗಿ ಸಾಕ್ಷಿ ಸಿಕ್ಕಿತೆಂದು ಡ್ರೈವ್ ಮಾಡುತ್ತಾ ಅದನ್ನು ಹಾಕಿದೆ.

ಕಾರಿನ ತುಂಬ ನನ್ನದೇ ದನಿ. ಪ್ರಶ್ನೆ ನನ್ನದು, ಉತ್ತರ ನನ್ನದು, ಜೋಕಿಗೆ ನಗುವವನೂ ನಾನೇ. ನಡುವೆ ಒಂದು ಸಣ್ಣ ದನಿ, “ಅಂಕಲ್, ನಮ್ಮ ನಾಯಿ ನಿನ್ನೆ...” ಎಂದಿತು. ಅದು ಮುಗಿಯುವ ಮೊದಲೇ ನಾನು ಗುಡುಗಿದ್ದೆ: “ನೋ ಇಂಗ್ಲಿಷ್! ಓನ್ಲಿ ಕನ್ನಡ ಪ್ಲೀಸ್, ಓಕೆ?” ಆಮೇಲೆ ಅನ್ವಿಯ ಆ ದನಿ ಕೇಳಿಸಲೇ ಇಲ್ಲ. ಕನ್ನಡದಲ್ಲೇ ಮಾತಾಡಿದ ಮಗುವನ್ನು ಇಂಗ್ಲಿಷಿನಲ್ಲಿ ಗದರಿಸಿದ ಕನ್ನಡ ಮೇಷ್ಟ್ರು ನಾನು. ಅಂಗಡಿಯೊಂದರ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಆಂಟಿ ಹೇಳಿದಷ್ಟು ಹೊತ್ತೂ ಬೆವರುತ್ತಾ ಕೂತೆ. ಆಮೇಲೆ ಅನ್ವಿಯ ತಾಯಿಗೆ ಫೋನ್ ಮಾಡಿ, “ತಪ್ಪು ನಂದಮ್ಮ. ಇನ್ನೊಂದೇ ಒಂದ್ಸಲ ಕಳಿಸಿ,” ಎಂದು ಬೇಡಿಕೊಂಡೆ.

ಮುಂದಿನ ಭಾನುವಾರ ಅನ್ವಿ ಬಂದಳು, ಮುಖ ಊದಿಸಿಕೊಂಡು. ನಾನು ಅವಳೆದುರು ನೆಲದ ಮೇಲೆ ಕೂತು, “ಸಾರಿ ಪುಟ್ಟಾ, ನಿನ್ನ ಮಾತು ನಾನು ಕೇಳಬೇಕಿತ್ತು. ಕೇಳೋದು ಅಂದ್ರೆ ಎಷ್ಟು ಮುಖ್ಯ ಅಂದ್ರೆ...” ಎಂದು ಶುರುಮಾಡಿದೆ. ಶುರುಮಾಡಿದವನು ನಿಲ್ಲಿಸಬೇಕಲ್ಲ! ಕೊನೆಗೆ ಅವಳೇ ಕೈ ಎತ್ತಿ, “ಅಂಕಲ್, ನಾಯಿ ಕಥೆ ಹೇಳ್ಲಾ?” ಎಂದಳು. ನಾನು ಬಾಯಿ ಮುಚ್ಚಿದೆ. ಅವರ ನಾಯಿ ಪಕ್ಕದ ಮನೆಯ ಸ್ವಿಮ್ಮಿಂಗ್ ಪೂಲಿಗೆ ಬಿದ್ದಿತ್ತಂತೆ.

“ಅಯ್ಯೋ! ಆಮೇಲೆ ಯಾರು ತೆಗೆದ್ರು? ಅಪ್ಪಾನಾ?” ಎಂದೆ.

“ಅಂಕಲ್,” ಎಂದಳು ಅನ್ವಿ, “ನಂದು ಇನ್ನೂ ಮುಗಿದಿಲ್ಲ.”